ಹತ್ತಕ್ಕೆ ಬನ್ನಿ ಅಂತಾರೆ, ಒಳಗೆ ಕರೆಯೋದು ಹನ್ನೆರಡಕ್ಕೆ: ಯಾಕೆ?

ಪ್ರಶ್ನೆ: ಅಮ್ಮನನ್ನು ಡಾಕ್ಟರಿಗೆ ತೋರಿಸಲು ಜಗಳೂರಿನಿಂದ ದಾವಣಗೆರೆಗೆ ಬರುತ್ತೇವೆ. ಬೆಳಿಗ್ಗೆ ಹತ್ತಕ್ಕೆ ಬನ್ನಿ ಅಂದಿರುತ್ತಾರೆ. ಒಳಗೆ ಕರೆಯುವಾಗ ಹನ್ನೆರಡು ದಾಟಿರುತ್ತದೆ. ಮತ್ತೆ ಟೈಮ್ ಕೊಡುವುದಾದರೂ ಯಾಕೆ?

ಉತ್ತರ: ಆ ಹತ್ತು ಗಂಟೆ ನಿಮಗೊಬ್ಬರಿಗೇ ಕೊಟ್ಟದ್ದಲ್ಲ. ಎಷ್ಟೋ ಕಡೆ ಬೆಂಚಿನ ಮೇಲೆ ಕೂತ ಎಲ್ಲರಿಗೂ ಅದೇ ಹತ್ತು ಗಂಟೆ ಹೇಳಿರುತ್ತಾರೆ. ಬರುತ್ತೇವೆ ಅಂದವರಲ್ಲಿ ಕೆಲವರು ಬರುವುದಿಲ್ಲ, ಕೆಲವರಿಗೆ ಬಸ್ಸು ತಪ್ಪುತ್ತದೆ. ಡಾಕ್ಟರು ಸುಮ್ಮನೆ ಕೂರುವಂತಾಗಬಾರದೆಂದು ಜನರನ್ನೇ ಮೊದಲು ಕೂರಿಸಿಬಿಡುತ್ತಾರೆ.

ಲೆಕ್ಕ ಹಾಕಿ ನೋಡಿ. ಒಬ್ಬರಿಗೆ 6 ನಿಮಿಷ ಅಂದರೆ 30 ಜನಕ್ಕೆ 3 ಗಂಟೆ. ಎಲ್ಲರೂ ಹತ್ತಕ್ಕೇ ಬಂದರೆ ಕೊನೆಯವರು ಕಾಯುವುದು 174 ನಿಮಿಷ. ಅದೇ ಜನರನ್ನು ಹತ್ತು, ಹನ್ನೊಂದು, ಹನ್ನೆರಡಕ್ಕೆ ಹತ್ತತ್ತು ಮಂದಿಯಂತೆ ಕರೆದರೆ ಯಾರೂ 54 ನಿಮಿಷ ಮೀರಿ ಕಾಯಬೇಕಿಲ್ಲ. ಡಾಕ್ಟರ ಕೆಲಸ ಎರಡೂ ರೀತಿಯಲ್ಲಿ ಒಂದು ಗಂಟೆಗೇ ಮುಗಿಯುತ್ತದೆ. ಪೈಸೆ ಖರ್ಚಿಲ್ಲದ ಈ ಬದಲಾವಣೆಗೂ ಮನಸ್ಸು ಮಾಡದಿರುವುದು ನನಗಂತೂ ಸೋಮಾರಿತನವೆನಿಸುತ್ತದೆ. ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ನಾರ್ಮನ್ ಬೇಯ್ಲಿ 1952ರಲ್ಲೇ ಇದರ ಗಣಿತ ಬಿಡಿಸಿದ್ದರು: ಶುರುವಿಗೆ ಇಬ್ಬರನ್ನು ಕರೆಯಿರಿ, ಆಮೇಲೆ ಸರಾಸರಿ ತಪಾಸಣೆಗೆ ಹಿಡಿಯುವಷ್ಟು ಹೊತ್ತಿಗೊಬ್ಬರಂತೆ.

ಇದೆಲ್ಲ ಕಾಗದದ ಮೇಲೆ ಸರಿ. ಕೆಡುವುದು ಬಾಗಿಲ ಹತ್ತಿರ. ಬೆಳಿಗ್ಗೆ ತೋರಿಸಿ ರಕ್ತ ಕೊಟ್ಟು ಹೋದವರು ಹನ್ನೊಂದೂವರೆಗೆ ರಿಪೋರ್ಟ್ ಹಿಡಿದು ವಾಪಸ್ ಬರುತ್ತಾರೆ. ‘ಬರೀ ತೋರಿಸೋದು ಸಾರ್, ಎರಡೇ ನಿಮಿಷ’ ಅಂತ ಇಣುಕುತ್ತಾರೆ, ಅಟೆಂಡರ್ ಒಳಗೆ ಬಿಡುತ್ತಾನೆ. ಇವರು ಬೆಳಗಿನ ಪಟ್ಟಿಯಲ್ಲಿ ಇನ್ನೊಮ್ಮೆ ಎಣಿಕೆಯಾಗಿರುವುದಿಲ್ಲ. ಎರಡೇ ನಿಮಿಷ ಅಂದುಕೊಂಡರೂ ಇಂಥ ಹತ್ತು ಮಂದಿ ನುಗ್ಗಿದರೆ ನಿಮ್ಮ ಸರದಿ ಇಪ್ಪತ್ತು ನಿಮಿಷ ಹಿಂದೆ ಸರಿಯಿತು. ರಿಪೋರ್ಟ್ ನೋಡಲು ಬೇರೆ ಹೊತ್ತು ಇಡುವುದು, ನಡುವೆ ಒಂದೆರಡು ಜಾಗ ಖಾಲಿ ಬಿಡುವುದು ಇದಕ್ಕೆ ಮದ್ದು. ಊರೊಳಗಿನವರಿಗೆ ಹನ್ನೆರಡರ ಟೈಮ್ ಕೊಟ್ಟು, ಹರಪನಹಳ್ಳಿ, ಚನ್ನಗಿರಿ ಕಡೆಯವರನ್ನು ಬಸ್ಸಿಗೆ ಹೊಂದಿಸಿ ಕರೆದರೆ ಇನ್ನೂ ಒಳ್ಳೆಯದು.

ಆಭಾ (ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಮೂಲಕ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಟೋಕನ್ ಪಡೆಯುವ ವ್ಯವಸ್ಥೆ ಇದ್ದಲ್ಲಿ ಓಪಿಡಿ ಚೀಟಿಯ ಸಾಲು ತಪ್ಪುತ್ತದೆ. ಡಾಕ್ಟರ ಬಾಗಿಲಿನ ಸಾಲು ಹಾಗೇ ಇರುತ್ತದೆ.

ಫೋನಿನಲ್ಲಿ ‘ಎಷ್ಟು ಗಂಟೆಗೆ ಬರಲಿ’ ಅನ್ನುವುದರ ಜೊತೆ ‘ನಮ್ಮ ನಂಬರ್ ಎಷ್ಟು, ಗಂಟೆಗೆ ಎಷ್ಟು ಜನರನ್ನು ನೋಡ್ತಾರೆ’ ಅಂತಲೂ ಕೇಳಿ. ಇಪ್ಪತ್ತನೇ ನಂಬರ್ ಅಂದರೆ ಮುಂದಿನ ಬಸ್ಸು ಹಿಡಿದರೂ ನಡೆದೀತು. ಖಾಲಿ ಹೊಟ್ಟೆಯ ಶುಗರ್ ಟೆಸ್ಟ್ ಇದ್ದರೆ ಮಾತ್ರ ಮೊದಲ ಬಸ್ಸಿಗೇ ಬನ್ನಿ.