ಒಂದು ಪಾಯಿಂಟ್ ಅಂದರೆ ಒಂದು ರೂಪಾಯಿ ಅಲ್ಲ
ಪ್ರಶ್ನೆ: ನಮ್ಮ ಊರು ಹೊನ್ನಾವರ, ಕೆಲಸ ದುಬೈಯಲ್ಲಿ. ವಿಮಾನದಲ್ಲಿ ಹೋದಾಗೆಲ್ಲ ಕಂಪನಿಯವರು ಕೊಡುವ, ಮುಂದೆ ಟಿಕೆಟಿಗೆ ಬಳಸಬಹುದಾದ ಪಾಯಿಂಟ್ 42,000 ಸೇರಿದೆ. ಅಂದರೆ ನನ್ನ ಹತ್ತಿರ 42,000 ರೂಪಾಯಿ ಇದ್ದ ಹಾಗೇ ಅಲ್ವಾ?

ಉತ್ತರ: ಅಲ್ಲ. ಭಟ್ಕಳದಿಂದ ಕಾರವಾರದವರೆಗೆ, ಮೇಲೆ ಶಿರಸಿ ಕಡೆಯಿಂದಲೂ ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಮುಂದೆ ಯಾರಾದರೂ ಕೇಳಿದರೆ ದಯವಿಟ್ಟು ಇದನ್ನೇ ತೋರಿಸಿ.

ಲೆಕ್ಕ ಸುಲಭ. ನೀವು ಹೋಗಬೇಕಾದ ದಿನ, ಹೋಗಬೇಕಾದ ವಿಮಾನದ ಟಿಕೆಟ್ ದುಡ್ಡು ಕೊಟ್ಟರೆ ಎಷ್ಟು ಅಂತ ನೋಡಿ. ಅದೇ ಟಿಕೆಟನ್ನು ಪಾಯಿಂಟಿನಲ್ಲಿ ತೆಗೆದರೂ ತೆರಿಗೆ, ಶುಲ್ಕ ಅಂತ ಸ್ವಲ್ಪ ದುಡ್ಡು ಕೈಯಿಂದ ಕೊಡಬೇಕಾಗುತ್ತದೆ. ಅದನ್ನು ಕಳೆಯಿರಿ. ಉಳಿದದ್ದನ್ನು ಪಾಯಿಂಟಿನಿಂದ ಭಾಗಿಸಿ. ಉದಾಹರಣೆಗೆ, ಗೋವಾದಿಂದ ದೆಹಲಿಗೆ ಟಿಕೆಟ್ 7,500 ರೂಪಾಯಿ ಅಂತಿಟ್ಟುಕೊಳ್ಳಿ. ಪಾಯಿಂಟಿನಲ್ಲಿ ತೆಗೆದರೆ 8,000 ಪಾಯಿಂಟ್, ಮೇಲೆ 1,100 ರೂಪಾಯಿ. 7,500ರಲ್ಲಿ 1,100 ಕಳೆದರೆ 6,400. ಅದನ್ನು 8,000ದಿಂದ ಭಾಗಿಸಿದರೆ ಪಾಯಿಂಟಿಗೆ 80 ಪೈಸೆ.

ಇಲ್ಲಿ ಬಹಳ ಜನ ಒಂದು ವಿಷಯ ಮರೆಯುತ್ತಾರೆ. ದುಡ್ಡು ಕೊಟ್ಟು ಹೋಗಿದ್ದರೆ ಆ ಪ್ರಯಾಣಕ್ಕೆ ಹೊಸ ಪಾಯಿಂಟ್ ಸಿಗುತ್ತಿತ್ತು. 300 ಸಿಗುತ್ತಿತ್ತು ಅಂತಾದರೆ ನಿಮಗೆ ಖರ್ಚಾದದ್ದು 8,000 ಅಲ್ಲ, 8,300. ಆಗ ಬೆಲೆ 77 ಪೈಸೆಗೆ ಇಳಿಯಿತು.

ಈಗ ಆ ‘ಒಂದಕ್ಕೆ ಒಂದು’ ಎಂಬ ನಂಬಿಕೆಗೆ ಬರೋಣ. ಇದು ಹೇಗೆ ಹುಟ್ಟಿತು ಅಂತ ನನಗೆ ಅರ್ಥವಾಗುತ್ತದೆ. ಟಾಟಾದವರ ಖರೀದಿ ಆ್ಯಪ್ ಟಾಟಾ ನ್ಯೂನಂಥ ಕಡೆ ಒಂದು ಕಾಯಿನ್ ಅಂದರೆ ನಿಜವಾಗಿಯೂ ಒಂದು ರೂಪಾಯಿ. ಅದನ್ನು ನೋಡಿದವರು ವಿಮಾನದ ಪಾಯಿಂಟೂ ಹಾಗೇ ಅಂದುಕೊಳ್ಳುತ್ತಾರೆ. ಆದರೆ ಅಲ್ಲಿ ಬೆಲೆಯನ್ನು ಮೊದಲೇ ಗೊತ್ತುಮಾಡಿ ಹೇಳಿದ್ದಾರೆ. ವಿಮಾನದವರು ಅಂಥ ಮಾತು ಕೊಟ್ಟೇ ಇಲ್ಲ. ಒಂದು ಟಿಕೆಟಿಗೆ ಎಷ್ಟು ಪಾಯಿಂಟ್ ಅನ್ನುವುದನ್ನು ಅವರೇ ನಿರ್ಧರಿಸುತ್ತಾರೆ, ಬೇಕೆಂದಾಗ ಬದಲಿಸುತ್ತಾರೆ.

ಶಿರಸಿಯಲ್ಲಿ ಯಾರನ್ನಾದರೂ ‘ಒಂದು ಕ್ವಿಂಟಲ್ ಅಡಿಕೆಗೆ ಎಷ್ಟು’ ಅಂತ ಕೇಳಿ. ಯಾವ ಬಗೆ, ರಾಶಿಯೋ ಚಾಲಿಯೋ, ಇವತ್ತಿನ ಟೆಂಡರಿನಲ್ಲೋ ಹೋದ ವಾರದ್ದರಲ್ಲೋ ಅಂತ ಅವರು ತಿರುಗಿ ಕೇಳುತ್ತಾರೆ. ಧಾರಣೆ ಏರುತ್ತದೆ, ಇಳಿಯುತ್ತದೆ ಅನ್ನುವುದು ನಮಗೆ ಚೆನ್ನಾಗಿ ಗೊತ್ತು. ಪಾಯಿಂಟಿನ ವಿಷಯದಲ್ಲಿ ಮಾತ್ರ ಅದನ್ನು ಯಾಕೆ ಮರೆಯುತ್ತೇವೆ? ಅಡಿಕೆ ಕೊಳ್ಳಲು ಹತ್ತು ವ್ಯಾಪಾರಿಗಳಾದರೂ ಇರುತ್ತಾರೆ. ಪಾಯಿಂಟಿನ ಬೆಲೆ ಕಟ್ಟುವವರು ಅದನ್ನು ಕೊಟ್ಟ ಕಂಪನಿಯವರೇ.

ಸಾಕ್ಷಿ ಬೇಕೇ? ಕಿಂಗ್‌ಫಿಶರ್ 2012ರಲ್ಲಿ ಹಾರಾಟ ನಿಲ್ಲಿಸಿತು, ಅದರ ಪಾಯಿಂಟ್ ಇಟ್ಟುಕೊಂಡವರಿಗೆ ಹಾರಲು ವಿಮಾನವೇ ಇರಲಿಲ್ಲ. ವಿಸ್ತಾರಾ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ಸೇರಿತು. ಅದರ ಪಾಯಿಂಟುಗಳು ಒಂದಕ್ಕೊಂದು ಲೆಕ್ಕದಲ್ಲಿ ಏರ್ ಇಂಡಿಯಾಕ್ಕೆ ಹೋದವು. ಸಂಖ್ಯೆ ಒಂದೂ ಕಡಿಮೆಯಾಗಲಿಲ್ಲ. ಆದರೆ ಯಾವ ಟಿಕೆಟಿಗೆ ಎಷ್ಟು ಪಾಯಿಂಟ್ ಅನ್ನುವ ಪಟ್ಟಿ ಬೇರೆಯಾಯಿತು. ಸಂಖ್ಯೆ ಹಾಗೇ ಇದ್ದೂ ಬೆಲೆ ಬದಲಾಗಬಹುದು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ. ಕಂಪನಿ ತಾನೇ ಪಾಯಿಂಟ್ ಮಾರುವ ದರವನ್ನು ಕೆಲವರು ಹಿಡಿದುಕೊಳ್ಳುತ್ತಾರೆ. ಅದು ಅವರು ಮಾರುವ ದರ, ನಿಮ್ಮಿಂದ ಯಾರೂ ಆ ದರಕ್ಕೆ ಕೊಳ್ಳುವುದಿಲ್ಲ.

ಬಿಸಿನೆಸ್ ಕ್ಲಾಸ್ ತೋರಿಸಿ ‘ನನಗೆ ಪಾಯಿಂಟಿಗೆ ಒಂದೂವರೆ ರೂಪಾಯಿ ಸಿಕ್ಕಿತು’ ಅನ್ನುವವರಿಗೂ ಒಂದು ಮಾತು. ಪಾಯಿಂಟ್ ಇಲ್ಲದಿದ್ದರೆ ಆ ಒಂದೂವರೆ ಲಕ್ಷದ ಟಿಕೆಟ್ ಕೊಳ್ಳುತ್ತಿದ್ದಿರಾ? ಇಲ್ಲ ಅಂದರೆ, ನೀವು ನಿಜವಾಗಿ ಕೊಳ್ಳುತ್ತಿದ್ದ ಟಿಕೆಟಿನ ದರವನ್ನೇ ಲೆಕ್ಕಕ್ಕೆ ಹಿಡಿಯಿರಿ.

ಹಾಗಾಗಿ ನಿಮ್ಮ 42,000ಕ್ಕೆ ಮೇಲಿನ ಉದಾಹರಣೆಯ 77 ಪೈಸೆ ಹಿಡಿದರೆ ಸುಮಾರು 32,000 ರೂಪಾಯಿ. ಅದೂ ಅಂಥದ್ದೇ ಟಿಕೆಟಿಗೆ ಬಳಸಿದರೆ ಮಾತ್ರ.

ನೀವು ಕೇಳಲಿಲ್ಲ, ಆದರೂ ನಮ್ಮ ಉತ್ತರ ಕನ್ನಡ ಜಿಲ್ಲೆಯವರು ಇನ್ನೊಂದು ಲೆಕ್ಕ ಮಾಡಲೇಬೇಕು. ನಮ್ಮಲ್ಲಿ ಪ್ರಯಾಣಿಕರ ವಿಮಾನ ನಿಲ್ದಾಣ ಇಲ್ಲ. ಕಾರವಾರದವರು ಗೋವಾಕ್ಕೆ, ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳದವರು ಹೆಚ್ಚಾಗಿ ಮಂಗಳೂರಿಗೆ ಹೋಗುತ್ತಾರೆ. ಗೋವಾದಲ್ಲೂ 2023ರ ಜನವರಿಯಿಂದ ಎರಡು ನಿಲ್ದಾಣ. ದಾಬೋಳಿ ನಮಗೆ ಹತ್ತಿರ. ಮೋಪಾಕ್ಕೆ ಹೋಗಬೇಕಾದರೆ ಪಣಜಿ ದಾಟಿ, ಮಹಾರಾಷ್ಟ್ರದ ಗಡಿ ಹತ್ತಿರದ ಪೆಡ್ಣೆಯವರೆಗೆ ಹೋಗಬೇಕು. ಪಾಯಿಂಟಿನ ಸೀಟು ಮೋಪಾದಿಂದ ಮಾತ್ರ ಖಾಲಿ ಇದೆ, ಟ್ಯಾಕ್ಸಿಗೆ 2,000 ರೂಪಾಯಿ ಜಾಸ್ತಿ ಅಂತಿಟ್ಟುಕೊಳ್ಳಿ. ದೆಹಲಿ ಟಿಕೆಟಿನ ಆ 6,400 ಇಳಿದು 4,400 ಆಯಿತು, 8,300ರಿಂದ ಭಾಗಿಸಿದರೆ ಪಾಯಿಂಟಿನ ಬೆಲೆ 53 ಪೈಸೆ. ಅಂಥ ದಿನ ದಾಬೋಳಿಯಿಂದ ದುಡ್ಡು ಕೊಟ್ಟೇ ಹೋಗುವುದು ಮೇಲು.

ಶಿರಸಿಯವರು ಬೆಂಗಳೂರಿಗೆ ಹೋಗಲು ಹುಬ್ಬಳ್ಳಿ ವಿಮಾನಕ್ಕೆ ಪಾಯಿಂಟ್ ಹಾಕುವ ಮೊದಲು ಅದನ್ನು ರಾತ್ರಿ ಬಸ್ಸಿನ ದರದ ಜೊತೆ ಹೋಲಿಸಿ ನೋಡಿ, ಯಾಕೆಂದರೆ ಪಾಯಿಂಟ್ ಇಲ್ಲದಿದ್ದರೆ ನೀವು ಹತ್ತುತ್ತಿದ್ದದ್ದು ಆ ಬಸ್ಸನ್ನೇ. ಪಾಯಿಂಟನ್ನು ದೆಹಲಿಗೋ ದುಬೈಗೋ ಇಟ್ಟುಕೊಳ್ಳಿ, ಅವಧಿ ಮುಗಿಯುವ ತಾರೀಕನ್ನು ಮಾತ್ರ ಇವತ್ತೇ ನೋಡಿ ಬರೆದಿಡಿ.