ಟ್ರಿಮ್: ನೊಗದ ಭಾರ ಇಳಿಸುವ ಚಕ್ರ

ಚಕ್ಕಡಿಗೆ ಜೋಳದ ಚೀಲ ಹೇರುವಾಗ ಮುಂಭಾರವಾದರೆ ನೊಗ ಎತ್ತಿನ ಹೆಗಲ ಮೇಲೆ ಕೂತುಬಿಡುತ್ತದೆ. ಹಿಂಭಾರವಾದರೆ ನೊಗ ಮೇಲೆದ್ದು ಕೊರಳಪಟ್ಟಿ ಬಿಗಿಯುತ್ತದೆ. ‘ಇನ್ನೊಂದ್ ಚೀಲ ಹಿಂದಕ್ಕ ಸರಸ್ರಿ’ ಅಂತ ಹದ ಮಾಡಿಕೊಂಡೇ ಬಂಡಿ ಹೊರಡಿಸುವುದು. ವಿಮಾನದಲ್ಲಿ ಹಾರುತ್ತಿರುವಾಗಲೇ ಮಾಡಿಕೊಳ್ಳುವ ಇಂಥ ಹದಕ್ಕೆ ಟ್ರಿಮ್ ಎಂದು ಹೆಸರು. ಪೈಲಟ್ ಕೈಯಲ್ಲಿರುವ ಹಿಡಿಕೆಗೆ ಇಂಗ್ಲಿಷಿನಲ್ಲಿ ‘ಯೋಕ್’ ಎನ್ನುತ್ತಾರೆ. ಆ ಪದಕ್ಕೆ ಅರ್ಥವೂ ನೊಗವೇ.

ಬಾಲದ ಅಡ್ಡರೆಕ್ಕೆಯ ಹಿಂದೆ ಕೀಲಿನ ಮೇಲೆ ಆಡುವ ಹಲಗೆ ಎಲಿವೇಟರ್. ಅದರ ಅಂಚಿಗೆ ಇನ್ನೊಂದು ಚಿಕ್ಕ ಪಟ್ಟಿ ಇರುತ್ತದೆ, ಅದು ಟ್ರಿಮ್ ಟ್ಯಾಬ್. ಕಂಪ್ಯೂಟರಿನಲ್ಲಿ ವಿಮಾನ ಹಾರಿಸಿ ಕಲಿಯುವ ಸಿಮ್ಯುಲೇಟರಿನಲ್ಲಿ ಹೆಚ್ಚಿನವರು ಮೊದಲು ಕೂರುವ ಸೆಸ್ನಾ 172 ಎಂಬ ಒಂಟಿ ಎಂಜಿನ್ನಿನ ಚಿಕ್ಕ ವಿಮಾನದಲ್ಲಿ ಈ ಪಟ್ಟಿ ಬಲಗಡೆಯ ಎಲಿವೇಟರಿಗೆ ಮಾತ್ರ. ಎಂಜಿನ್ನಿನ ಕಸುವು ಏರಿಸಿ ಇಳಿಸುವ ಹಿಡಿ ಥ್ರಾಟಲ್; ಅದರ ಕೆಳಗೆ ಈ ಪಟ್ಟಿ ಆಡಿಸುವ ಟ್ರಿಮ್ ಚಕ್ರವಿದೆ. ಅದನ್ನು ಕೆಳಮುಖವಾಗಿ ಹೊರಳಿಸಿದರೆ ವಿಮಾನದ ಮೂತಿ ಏಳುತ್ತದೆ, ಮೇಲ್ಮುಖವಾಗಿ ಹೊರಳಿಸಿದರೆ ಬಾಗುತ್ತದೆ. ಒಳಗೆ ನಡೆಯುವುದು ಉಲ್ಟಾ ಲೆಕ್ಕ. ಟ್ಯಾಬ್ ಕೆಳಗಿಳಿದರೆ ಗಾಳಿ ಅದನ್ನು ಮೇಲಕ್ಕೆ ನೂಕುತ್ತದೆ, ಜೊತೆಗೆ ಎಲಿವೇಟರೂ ಮೇಲೇಳುತ್ತದೆ, ಬಾಲ ತಗ್ಗಿ ಮೂತಿ ಎದ್ದು ನಿಲ್ಲುತ್ತದೆ.

ಕಲಿಯುವವರು ಎಡವುವ ಜಾಗ ಮುಂದಿದೆ. ಟ್ರಿಮ್ ಎತ್ತರವನ್ನು ಹಿಡಿದಿಡುತ್ತದೆ ಅಂದುಕೊಳ್ಳುತ್ತಾರೆ. ಅದು ಹಿಡಿದಿಡುವುದು ವೇಗವನ್ನು. 100 ನಾಟ್‌ಗೆ (ಗಂಟೆಗೆ ಸುಮಾರು 185 ಕಿ.ಮೀ.) ಟ್ರಿಮ್ ಮಾಡಿದ ವಿಮಾನದ ಮೂತಿ ತುಸು ಬಾಗಿದರೆ ವೇಗ ಏರುತ್ತದೆ, ಬಾಲವನ್ನು ಗಾಳಿ ಇನ್ನಷ್ಟು ಕೆಳಕ್ಕೆ ಒತ್ತುತ್ತದೆ, ಮೂತಿ ತಾನೇ ಏಳುತ್ತದೆ. ಹೀಗೆ ಏಳುಬೀಳಾಡುತ್ತಾ ಮತ್ತೆ 100ಕ್ಕೇ ಬರುತ್ತದೆ. ಈ ವೇಗದಲ್ಲಿ ಒಂದು ಏಳುಬೀಳಿಗೆ 25 ಸೆಕೆಂಡ್ ಆಸುಪಾಸು ಬೇಕು. ಅಷ್ಟು ಕಾಯುವ ತಾಳ್ಮೆ ಇಲ್ಲದೆ ನಡುವೆ ಕೈ ಹಾಕಿದವರಿಗೆ ಟ್ರಿಮ್ ಸರಿಯಿತ್ತೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಆ ವೇಗದಲ್ಲಿ ಏರಬೇಕೋ, ಇಳಿಯಬೇಕೋ, ಮಟ್ಟಸವಾಗಿ ಹೋಗಬೇಕೋ ಅನ್ನುವುದನ್ನು ಥ್ರಾಟಲ್ ತೀರ್ಮಾನಿಸುತ್ತದೆ. ಈ ವಿಮಾನದಲ್ಲಿ ಥ್ರಾಟಲ್ ಎಳೆದು 100 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ತೆಗೆದರೆ ನಿಮಿಷಕ್ಕೆ ಸುಮಾರು 100 ಅಡಿ ಇಳಿತ ಎಂಬುದು ಕೈಲೆಕ್ಕ.

ಸಿಮ್ಯುಲೇಟರಿನಲ್ಲಿ ಇನ್ನೊಂದು ತೊಡಕಿದೆ. ನಿಜ ವಿಮಾನದಲ್ಲಿ ಯೋಕ್ ಎಳೆದು ಹಿಡಿದುಕೊಂಡೇ ಚಕ್ರ ಹೊರಳಿಸುತ್ತಾರೆ. ಯೋಕ್ ಇದ್ದಲ್ಲೇ ಇರುತ್ತದೆ, ಕೈಗೆ ತಾಗುತ್ತಿದ್ದ ಭಾರ ಮಾತ್ರ ಕರಗುತ್ತದೆ. ಮೇಜಿನ ಮೇಲಿನ ಸಾಮಾನ್ಯ ಜಾಯ್‌ಸ್ಟಿಕ್‌ಗೆ ಇದೇನೂ ಗೊತ್ತಿಲ್ಲ, ಅದರ ಸ್ಪ್ರಿಂಗ್ ಯಾವಾಗಲೂ ನಡುವಿಗೇ ಎಳೆಯುತ್ತದೆ. ಜಾಯ್‌ಸ್ಟಿಕ್ ಎಳೆದು ಹಿಡಿದೇ ಟ್ರಿಮ್ ಬಟನ್ ಒತ್ತುತ್ತಾ ಹೋದರೆ ಎರಡೂ ಕೂಡಿ ಮೂತಿ ಆಕಾಶಕ್ಕೆ ಏಳುತ್ತದೆ. ಆದ್ದರಿಂದ ಒಂದು ಒತ್ತು ಟ್ರಿಮ್, ಕೂದಲೆಳೆಯಷ್ಟು ಕೈ ಸಡಿಲ, ಮತ್ತೆ ಒಂದು ಒತ್ತು. ಜಾಯ್‌ಸ್ಟಿಕ್ ನಡುವಿಗೆ ಬಂದು ನಿಂತಾಗಲೂ ಮೂತಿ ಕದಲದಿದ್ದರೆ ಕೆಲಸ ಮುಗಿಯಿತು. ಮೈಕ್ರೋಸಾಫ್ಟ್ ಸಿಮ್ಯುಲೇಟರಿನಲ್ಲಿ ನಂಬರ್ ಪ್ಯಾಡಿನ 1 ಮೂತಿ ಎತ್ತುತ್ತದೆ, 7 ಇಳಿಸುತ್ತದೆ. ಜಾಯ್‌ಸ್ಟಿಕ್ಕಿನಲ್ಲಿ ಎರಡು ಬಟನ್ ಬಿಡುವಿದ್ದರೆ ಅವನ್ನು ಇದಕ್ಕೇ ಕೊಡಿ. ಬಲಗೈ ಬಿಟ್ಟು ಕೀಬೋರ್ಡ್ ತಡಕಾಡುವಷ್ಟರಲ್ಲಿ 200 ಅಡಿ ಹೋಗಿರುತ್ತದೆ.

ರೂಢಿಗೆ ಹುಬ್ಬಳ್ಳಿಯಿಂದ ಗದಗಿನ ದಾರಿಗಿಂತ ಒಳ್ಳೆಯದು ಸಿಗಲಿಕ್ಕಿಲ್ಲ. ಗೋಕುಲ ರೋಡಿನ ವಿಮಾನ ನಿಲ್ದಾಣದ ಮೂಡಣಕ್ಕೆ ಮುಖ ಮಾಡಿದ ರನ್‌ವೇ 08ರಿಂದ ಎದ್ದು ಮೂಗಿನ ನೇರಕ್ಕೆ ಹೋದರೆ ಸಿಗುವುದೇ ಗದಗ. ಎಡಕ್ಕೆ ಅಣ್ಣಿಗೇರಿ, ಕೆಳಗೆ ಬಯಲಾದ ಯರಿ ಹೊಲ. ಆಕಾಶ ನೆಲ ಕೂಡುವ ಗೆರೆ ಹಗ್ಗ ಹಿಡಿದಂತೆ ನೆಟ್ಟಗೆ ಕಾಣುತ್ತದೆ. ಪಡುವಣಕ್ಕೆ ಹೊರಟರೆ ಘಟ್ಟದ ಗುಡ್ಡದ ಸಾಲನ್ನೇ ದಿಗಂತ ಅಂದುಕೊಂಡು ಮೂತಿ ಎತ್ತುವ ಅಪಾಯವಿದೆ.

ಹೊರಡುವ ಮೊದಲು ರನ್‌ವೇ ಮೇಲೆ ಎತ್ತರ ತೋರಿಸುವ ಆಲ್ಟಿಮೀಟರ್ ಸುಮಾರು 2,170 ಅಡಿ ತೋರಿಸಬೇಕು, ಸೊನ್ನೆಯಲ್ಲ; ಅದು ಅಳೆಯುವುದು ಸಮುದ್ರಮಟ್ಟದಿಂದ. ಟ್ರಿಮ್ ಚಕ್ರ ‘ಟೇಕ್ ಆಫ್’ ಗುರುತಿನಲ್ಲಿರಲಿ. 75 ನಾಟ್‌ನಲ್ಲಿ ಏರಿ, 5,500 ಅಡಿಗೆ ಹೋಗಿ. ನಿಮಿಷಕ್ಕೆ 500 ಅಡಿ ಏರುತ್ತಿದ್ದರೆ ಅದರ ಹತ್ತನೇ ಒಂದರಷ್ಟು, ಅಂದರೆ 50 ಅಡಿ ಮೊದಲೇ ಮೂತಿ ಇಳಿಸಲು ಶುರು ಮಾಡಿ. ಥ್ರಾಟಲ್ ಆಗಲೇ ಎಳೆಯಬೇಡಿ. ವೇಗ 100ರ ಹತ್ತಿರ ಬಂದ ಮೇಲೆ 2,300 ಆರ್‌ಪಿಎಂಗೆ ತನ್ನಿ, ವೇಗ ನಿಲ್ಲುವ ತನಕ ಕೈಯಿಂದಲೇ ಮೂತಿ ಹಿಡಿದಿರಿ, ಕೊನೆಗೆ ಟ್ರಿಮ್. ಮೂತಿ, ಥ್ರಾಟಲ್, ಟ್ರಿಮ್: ಈ ಸರದಿ ತಪ್ಪಿದರೆ ಕೆಲಸ ಎರಡೆರಡು ಸಲ. ವೇಗ ಇನ್ನೂ ಏರುತ್ತಿರುವಾಗಲೇ ಟ್ರಿಮ್ ಮಾಡಿದರೆ ಅದು ಹಳೆಯ ವೇಗದ ಟ್ರಿಮ್, ಮೂತಿ ಮತ್ತೆ ಏಳುತ್ತದೆ.

ಈಗ ಮುಂದಿನ ಬಾನೆಟ್ಟಿನ ಅಂಚಿಗೂ ದಿಗಂತಕ್ಕೂ ನಡುವೆ ಎಷ್ಟು ಬೆರಳು ಅಂತರ ಇದೆ ನೋಡಿ ನೆನಪಿಟ್ಟುಕೊಳ್ಳಿ. ಮಟ್ಟಸ ಹಾರಾಟಕ್ಕೆ ಕಣ್ಣಿನ ಅಳತೆ ಅದೇ. ಏರಿಳಿತ ತೋರಿಸುವ ವರ್ಟಿಕಲ್ ಸ್ಪೀಡ್ ಮುಳ್ಳಿನ ಬೆನ್ನು ಹತ್ತಬೇಡಿ, ಅದು ನಿಜ ಸಂಗತಿಗಿಂತ ಕೆಲವು ಸೆಕೆಂಡ್ ಹಿಂದಿರುತ್ತದೆ. ಅದನ್ನು ನೋಡಿ ತಿದ್ದುವಷ್ಟರಲ್ಲಿ ವಿಮಾನ ಬೇರೆ ಕಡೆ ಹೊರಟಿರುತ್ತದೆ, ನೀವು ಅದರ ಎದುರು ತಿದ್ದುತ್ತೀರಿ, ಉಯ್ಯಾಲೆ ಶುರು. ಮೊದಲು ದಿಗಂತ, ಆಮೇಲೆ ಆಲ್ಟಿಮೀಟರ್. ಅಣ್ಣಿಗೇರಿ ಎಡಕ್ಕೆ ಬರಲು ಹನ್ನೆರಡು ನಿಮಿಷದಷ್ಟು ಹಿಡಿಯುತ್ತದೆ, ಗದಗಿಗೆ ಸುಮಾರು ಇಪ್ಪತ್ತು. ಅಣ್ಣಿಗೇರಿಯಿಂದ ಗದಗಿನವರೆಗೆ ಜಾಯ್‌ಸ್ಟಿಕ್ ಮುಟ್ಟದೆ, ಅಕ್ಕಪಕ್ಕ ವಾಲಿದಾಗಷ್ಟೇ ಬೆರಳು ತಾಗಿಸಿ, 5,500ರಿಂದ 100 ಅಡಿ ಆಚೀಚೆಯಲ್ಲಿ ಉಳಿದರೆ ಟ್ರಿಮ್ ಕೈಗೆ ಬಂತು ಅನ್ನಬಹುದು.

ಮೂತಿ ಸರಿಯಿದ್ದೂ ವಿಮಾನ ಒಂದೇ ಕಡೆ ವಾಲುತ್ತಿದ್ದರೆ ಅದು ಈ ಚಕ್ರದ ತಪ್ಪಲ್ಲ. ಇಂಧನದ ಹಿಡಿ ‘ಬೋತ್’ (ಎರಡೂ ಟ್ಯಾಂಕ್) ಮೇಲಿದೆಯೇ ನೋಡಿ. ಎಡ ಟ್ಯಾಂಕೊಂದರಿಂದಲೇ ಕುಡಿಯುತ್ತಿದ್ದರೆ ಬಲರೆಕ್ಕೆ ಹೊತ್ತು ಕಳೆದಂತೆ ಭಾರವಾಗುತ್ತದೆ. ಅದೂ ಸರಿಯಿದ್ದರೆ ಜಾಯ್‌ಸ್ಟಿಕ್ ಸವೆದು ನಡುವಿಗೆ ಬರುತ್ತಿಲ್ಲದಿರಬಹುದು. ಸೆಟ್ಟಿಂಗ್ಸ್‌ನಲ್ಲಿ ಡೆಡ್ ಝೋನ್, ಅಂದರೆ ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ಹಿಡಿಯದ ಜಾಗ, 3ರಿಂದ 5 ಶೇಕಡಾ ಇಟ್ಟರೆ ಸಾಕು. ಹೆಚ್ಚಿಟ್ಟರೆ ಕೈ ಆಡಿಸಿದ್ದು ವಿಮಾನಕ್ಕೆ ಮುಟ್ಟುವುದು ತಡ. ಟ್ರಿಮ್ ಒತ್ತಿದ್ದೆಲ್ಲ ತಾನೇ ಅಳಿಸಿಹೋಗುತ್ತಿದ್ದರೆ ಸಹಾಯದ ಪಟ್ಟಿಯಲ್ಲಿ ಆಟೋ ಟ್ರಿಮ್ ಚಾಲೂ ಇರಬೇಕು, ಬಂದ್ ಮಾಡಿ.