ಸುಮ್ಮನಿರುವ ಬಾತನ್ನು ನಂಬುವ ಮುನ್ನ

ಬಾತುಕೋಳಿ ಸಾಕುವವರು ಫೋನ್ ಮಾಡಿದಾಗ, ಎಷ್ಟು ಸತ್ತಿವೆ ಎಂದು ನಾನು ಮೊದಲೇ ಕೇಳುವುದಿಲ್ಲ. ನಿನ್ನೆ ಎಷ್ಟು ಫೀಡು ಮಿಕ್ಕಿತು, ಈ ವಾರ ಎಷ್ಟು ಮೊಟ್ಟೆ ಬಂತು ಎಂದು ಕೇಳುತ್ತೇನೆ. "ಹಕ್ಕಿಗಳೆಲ್ಲ ಚೆನ್ನಾಗೇ ಇವೆ ಡಾಕ್ಟ್ರೇ, ಮೊಟ್ಟೆ ಮಾತ್ರ ಯಾಕೋ ಇಳಿದಿದೆ" ಎಂದರೆ ನನಗೆ ಕಸಿವಿಸಿ ಶುರುವಾಗುತ್ತದೆ. ಕೋಳಿಗೆ ಕಾಯಿಲೆ ಬಂದರೆ ಗರಿ ಕೆದರಿಕೊಂಡು ಮೂಲೆ ಹಿಡಿಯುತ್ತದೆ, ನೋಡಿದವರಿಗೆಲ್ಲ ಗೊತ್ತಾಗುತ್ತದೆ. ಬಾತು ಮಾತ್ರ ಮೈತುಂಬ ವೈರಸ್ ಇಟ್ಟುಕೊಂಡೂ ಎಷ್ಟೋ ಸಲ ಎಂದಿನಂತೆ ನೀರಿಗಿಳಿಯುತ್ತದೆ.

ಇದಕ್ಕೆ ಒಳ್ಳೆಯ ಉದಾಹರಣೆ ಹಕ್ಕಿಜ್ವರ. ಈ ವೈರಸ್‌ಗಳಲ್ಲಿ ಹೆಚ್ಚಿನವು ಬಾತಿನ ಪಾಲಿಗೆ ಹಳೆಯ ನೆಂಟರು. ಉಗ್ರವಲ್ಲದ ತಳಿಯಾದರೆ ಅದು ಕರುಳಿನ ಒಳಪದರದಲ್ಲಿ ಬೆಳೆದು, ಹಿಕ್ಕೆಯ ಮೂಲಕ ಕೊಳದ ನೀರಿಗೆ ಸೇರಿ, ಮುಂದಿನ ಹಕ್ಕಿಯ ಬಾಯಿಗೆ ಹೋಗುತ್ತದೆ. ಆ ಬಾತಿಗೆ ಜ್ವರವಿಲ್ಲ, ಕೆಮ್ಮಿಲ್ಲ, ತೂಕವೂ ಅಷ್ಟಾಗಿ ಇಳಿಯುವುದಿಲ್ಲ. ಕೋಳಿಗಳ ಹಿಂಡಿಗೆ ಉಗ್ರ ತಳಿ ಹೊಕ್ಕರೆ ಎರಡು ಮೂರು ದಿನಗಳಲ್ಲಿ ಶೆಡ್ಡೇ ಖಾಲಿಯಾಗಬಹುದು. ಅದೇ ತಳಿಯನ್ನು ಎಷ್ಟೋ ಬಾತುಗಳು ತಡೆದುಕೊಂಡು ಓಡಾಡುತ್ತಿರುತ್ತವೆ.

ಈ ವ್ಯತ್ಯಾಸಕ್ಕೆ ಒಂದು ಮುಖ್ಯ ಕಾರಣ 2010ರಲ್ಲಿ ಬೆಳಕಿಗೆ ಬಂತು. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದ ಕ್ಯಾಥರಿನ್ ಮೇಗರ್ ಅವರ ತಂಡ ಬಾತಿನ ಜೀವಕೋಶಗಳಲ್ಲಿ ರಿಗ್-ಐ ಎಂಬ ಪ್ರೋಟೀನ್ ಇರುವುದನ್ನು ತೋರಿಸಿತು. ಕೋಳಿಯಲ್ಲಿ ಅದರ ಜೀನ್ ಸಿಗಲೇ ಇಲ್ಲ. ರಿಗ್-ಐ ಜೀವಕೋಶದೊಳಗೆ ಕಾವಲು ಕಾಯುವ ಪ್ರೋಟೀನು. ಹಕ್ಕಿಜ್ವರ ತರುವ ಇನ್‌ಫ್ಲುಯೆಂಜಾ ವೈರಸ್ಸಿನ ಆರ್‌ಎನ್‌ಎ ಎಂಬ ವಂಶವಾಹಿ ಎಳೆಯ ತುದಿಯಲ್ಲಿ ಮೂರು ಫಾಸ್ಫೇಟುಗಳ ಒಂದು ಗುರುತಿರುತ್ತದೆ. ಜೀವಕೋಶದೊಳಗೆ ಓಡಾಡುವ ನಮ್ಮದೇ ಆರ್‌ಎನ್‌ಎಯ ತುದಿ ಹೀಗೆ ತೆರೆದಿರುವುದಿಲ್ಲ. ಈ ಗುರುತು ಕಂಡ ಕೂಡಲೇ ರಿಗ್-ಐ ಕೂಗು ಹಾಕುತ್ತದೆ, ಜೀವಕೋಶ ಇಂಟರ್‌ಫೆರಾನ್ ಎಂಬ ಎಚ್ಚರಿಕೆಯ ಪ್ರೋಟೀನು ಸುರಿಸುತ್ತದೆ, ಅಕ್ಕಪಕ್ಕದ ಜೀವಕೋಶಗಳೂ ಎಚ್ಚೆತ್ತು ಬಾಗಿಲು ಹಾಕಿಕೊಳ್ಳುತ್ತವೆ. ಬಾತಿನ ರಿಗ್-ಐಯನ್ನು ಕೋಳಿಯ ಜೀವಕೋಶಕ್ಕೆ ಸೇರಿಸಿ ನೋಡಿದಾಗ ಅಲ್ಲೂ ಇಂಟರ್‌ಫೆರಾನ್ ಏರಿತು, ವೈರಸ್ ಬೆಳವಣಿಗೆ ತಗ್ಗಿತು. ಕೋಳಿಗೆ ಎಂಡಿಎ5 ಎಂಬ ಇನ್ನೊಂದು ಕಾವಲಿದೆ, ಆದರೆ ಇನ್‌ಫ್ಲುಯೆಂಜಾ ಮಟ್ಟಿಗೆ ಅದರ ಕೂಗು ಅಷ್ಟು ಬೇಗ ಕೇಳಿಸುವುದಿಲ್ಲ.

ಇಷ್ಟು ಕೇಳಿದವರು "ಹಾಗಾದರೆ ನಮ್ಮ ಬಾತುಗಳಿಗೆ ಭಯವಿಲ್ಲ ಬಿಡಿ" ಎನ್ನುತ್ತಾರೆ. ನಾನು ಹೇಳಿದ್ದು ಬಾತು ಸಾಯುವುದು ಕಡಿಮೆ ಎಂದು. ವೈರಸ್ ಚೆಲ್ಲುವುದು ಕಡಿಮೆ ಎಂದಲ್ಲ. ಎರಡನ್ನೂ ಒಂದು ಮಾಡಿಕೊಂಡು, ಬಾತಿನ ಶೆಡ್ಡಿಗೆ ಹಾಕಿದ ಬೂಟಿನಲ್ಲೇ ಕೋಳಿ ಶೆಡ್ಡಿಗೆ ನುಗ್ಗಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಅಲ್ಲದೆ ವೈರಸ್ಸೂ ಕೈಕಟ್ಟಿ ಕೂತಿಲ್ಲ. ಅದರ ಎನ್‌ಎಸ್1 ಎಂಬ ಪ್ರೋಟೀನಿಗೆ ಈ ಇಂಟರ್‌ಫೆರಾನ್ ಕೂಗನ್ನು ಅಡಗಿಸುವುದೇ ಒಂದು ದೊಡ್ಡ ಕೆಲಸ. 2002ರ ಕೊನೆಯಲ್ಲಿ ಹಾಂಗ್‌ಕಾಂಗ್‌ನ ಉದ್ಯಾನಗಳಲ್ಲಿ ಹಕ್ಕಿಜ್ವರದ ಎಚ್5ಎನ್1 ಎಂಬ ಉಗ್ರ ತಳಿ ತಗುಲಿ ನೀರುಹಕ್ಕಿಗಳು ಸತ್ತವು. ಬಾತಿಗೆ ಏನೂ ಆಗದು ಎಂಬ ನಂಬಿಕೆ ಅಲ್ಲಿಗೆ ಮುರಿಯಿತು. ಅಂಥ ತಳಿ ಕರುಳಿಗೆ ನಿಲ್ಲದೆ ಮೈಯೆಲ್ಲ ಹರಡಿ ಮಿದುಳು ಹೊಕ್ಕುತ್ತದೆ. ಕಣ್ಣಿನ ಪಾಪೆ ಮಂಜಾಗುತ್ತದೆ, ಕುತ್ತಿಗೆ ತಿರುಚುತ್ತದೆ, ಹಕ್ಕಿ ಸುತ್ತ ಸುತ್ತುತ್ತದೆ. ಮಲಾರ್ಡ್ ಮೂಲದ ಪೆಕಿನ್ ಬಾತಿಗಿಂತ ಬೇರೆಯದೇ ಕುಲದ ಮಸ್ಕೋವಿ ಬಾತು ಇದಕ್ಕೆ ಬೇಗ ಸೋಲುತ್ತದೆ. ಎರಡನ್ನೂ ಬಾತು ಎಂದೇ ಕರೆಯುತ್ತೇವಾದರೂ ಒಂದೇ ಲೆಕ್ಕಕ್ಕೆ ಹಾಕಬಾರದು.

ಇನ್ನು ಮರಿಗಳ ವಿಚಾರ. ಇಲ್ಲಿ ಮೈಯ ಶಕ್ತಿಗಿಂತ ಗಡಿಯಾರದ ಲೆಕ್ಕ ಮುಖ್ಯ. 1949ರಲ್ಲಿ ಅಮೆರಿಕದ ಲಾಂಗ್ ಐಲೆಂಡಿನ ಫಾರ್ಮುಗಳಲ್ಲಿ ಮೊದಲು ಗುರುತಿಸಿದ ಬಾತುಮರಿಗಳ ಹೆಪಟೈಟಿಸ್ ವೈರಸ್ ಒಂದೆರಡು ದಿನದಲ್ಲೇ ಪಿತ್ತಜನಕಾಂಗವನ್ನು ಹಾಳುಗೆಡವುತ್ತದೆ. ಬೆಳಿಗ್ಗೆ ಓಡಾಡುತ್ತಿದ್ದ ಮರಿ ಮಗ್ಗುಲಿಗೆ ಬಿದ್ದು, ಕಾಲು ಒದೆಯುತ್ತ, ತಲೆಯನ್ನು ಬೆನ್ನಿಗೆ ಸೆಳೆದುಕೊಂಡು ಒಂದು ಗಂಟೆಯೊಳಗೆ ಸಾಯುತ್ತದೆ. ಕೊಯ್ದು ನೋಡಿದರೆ ಊದಿದ ಪಿತ್ತಜನಕಾಂಗದ ಮೇಲೆ ರಕ್ತದ ಚುಕ್ಕೆಗಳು. ಒಂದು ವಾರ ತುಂಬದ ಮರಿಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸಾಯಬಹುದು. ಅದೇ ಆವರಣದ ದೊಡ್ಡ ಬಾತುಗಳಿಗೆ ಸೋಂಕು ತಗುಲಿದರೂ ಮೊಟ್ಟೆಯೊಂದೂ ಕಡಿಮೆಯಾಗುವುದಿಲ್ಲ.

ಮರಿಯ ಮೈ ವೈರಸ್ಸನ್ನು ಹಿಡಿದು ಕಟ್ಟುವ ಪ್ರೋಟೀನನ್ನು, ಅಂದರೆ ತನ್ನದೇ ಪ್ರತಿಕಾಯವನ್ನು, ತಯಾರಿಸಲು ವಾರದ ಹತ್ತಿರ ಹಿಡಿಯುತ್ತದೆ. ವೈರಸ್ಸಿಗೆ ಎರಡು ದಿನ ಸಾಕು. ಆದ್ದರಿಂದ ಮರಿ ಬದುಕಬೇಕಾದರೆ ಪ್ರತಿಕಾಯ ಅದಕ್ಕೆ ತಾಯಿಯಿಂದಲೇ ಬಂದಿರಬೇಕು. ತಾಯಿ ಬಾತಿಗೆ ಮೊಟ್ಟೆಯಿಡುವ ಮೊದಲೇ ಲಸಿಕೆ ಹಾಕಿದರೆ ಪ್ರತಿಕಾಯ ಮೊಟ್ಟೆಯ ಹಳದಿಗೆ ಇಳಿದು ಮರಿಯ ರಕ್ತ ಸೇರುತ್ತದೆ. ರೋಗ ಕಂಡ ಮೊದಲ ದಿನವೇ ಉಳಿದ ಮರಿಗಳಿಗೆ ಇಂಥ ಹಳದಿಯಿಂದ ತೆಗೆದ ಪ್ರತಿಕಾಯದ ಚುಚ್ಚುಮದ್ದು ಕೊಟ್ಟರೂ ಉಳಿಸಬಹುದು. ಮೂರನೆಯ ದಿನ ಕರೆದರೆ ನಾನು ಬರುವುದು ಲೆಕ್ಕ ಬರೆಯಲಿಕ್ಕೆ ಅಷ್ಟೆ.

ಪ್ರತಿಕಾಯದಲ್ಲೂ ಬಾತಿನದೇ ಒಂದು ವೈಖರಿಯಿದೆ. ಲ್ಯಾಬ್ ವರದಿ ಓದುವವರಿಗೆ ಇದು ಗೊತ್ತಿರಲೇಬೇಕು. ಪ್ರತಿಕಾಯವನ್ನು ಎರಡು ತೋಳು, ಒಂದು ಬಾಲದ ಆಕೃತಿ ಎಂದುಕೊಳ್ಳಿ. ತೋಳು ವೈರಸ್ಸನ್ನು ಹಿಡಿಯುತ್ತದೆ, ಬಾಲ ಉಳಿದ ಸೈನ್ಯವನ್ನು ಕರೆಯುತ್ತದೆ. ಬಾತು ಪೂರ್ತಿ ಪ್ರತಿಕಾಯದ ಜೊತೆಗೆ ಬಾಲ ಮೊಟಕಾದದ್ದನ್ನೂ ತಯಾರಿಸುತ್ತದೆ. ಸೋಂಕು ಹಳೆಯದಾದಂತೆ ಈ ಮೊಟಕು ಪ್ರತಿಕಾಯವೇ ಹೆಚ್ಚುತ್ತದೆ. ಅದು ವೈರಸ್ಸನ್ನು ಹಿಡಿದು ಕಟ್ಟಬಲ್ಲದು, ಆದರೆ ಉರಿಯೂತ ಎಬ್ಬಿಸುವುದಿಲ್ಲ. ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂದು ಅಳೆಯಲು ಹಕ್ಕಿಜ್ವರಕ್ಕೆ ರೂಢಿಯಲ್ಲಿರುವ ಎಚ್‌ಐ ಪರೀಕ್ಷೆಯಲ್ಲಿ ಅದರ ಕೆಲಸ ಸರಿಯಾಗಿ ಕಾಣುವುದೂ ಇಲ್ಲ. ಹೀಗಾಗಿ ಅಂಕಿ ಕಡಿಮೆ ಬಂತೆಂದ ಮಾತ್ರಕ್ಕೆ ಸೋಂಕು ಬಂದೇ ಇಲ್ಲ, ಅಥವಾ ಲಸಿಕೆ ಹಿಡಿದೇ ಇಲ್ಲ ಎಂದು ಷರಾ ಬರೆಯುವಂತಿಲ್ಲ. ಕೋಳಿಗೆಂದು ಮಾಡಿದ ಕಿಟ್ಟಿನಲ್ಲಿ ಬಾತಿನ ರಕ್ತ ಹಾಕಿ ನಿಶ್ಚಿಂತರಾಗುವುದಂತೂ ನನಗೆ ಹಿಡಿಸದ ಅಭ್ಯಾಸ.

ಬಾತಿನ ಪ್ಲೇಗು ಬೇರೆಯೇ ಬಗೆಯ ಕತೆ. 1923ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಮೊದಲು ವರ್ಣಿಸಲಾದ ಇದು ಹರ್ಪಿಸ್ ಜಾತಿಯ ವೈರಸ್. ಮೈಯ ರಕ್ಷಣೆ ನಡೆಯುವ ಜಾಗಕ್ಕೇ ಇದು ಕೈ ಹಾಕುತ್ತದೆ. ಬಾತಿನ ಕರುಳಿನಲ್ಲಿ ರೋಗನಿರೋಧಕ ಕೋಶಗಳು ಉಂಗುರದ ಆಕಾರದಲ್ಲಿ ಕೂಡಿಕೊಂಡಿರುತ್ತವೆ. ವೈರಸ್ ಅವುಗಳನ್ನು ಕೊಂದಾಗ ಅಲ್ಲಿ ರಕ್ತ ಒಸರುತ್ತದೆ. ಕರುಳನ್ನು ಬಿಚ್ಚುವ ಮೊದಲೇ ಹೊರಗಿನಿಂದ ಕೆಂಪು ಉಂಗುರಗಳು ಕಾಣುತ್ತವೆ. ಒಮ್ಮೆ ನೋಡಿದವರು ಅದನ್ನು ಮರೆಯುವುದಿಲ್ಲ. ಬದುಕಿದ್ದಾಗ ಹಕ್ಕಿ ಬೆಳಕಿಗೆ ಕಣ್ಣು ಕಿರಿದು ಮಾಡುತ್ತದೆ, ಬಾಯಾರಿಕೆಯಿಂದ ನೀರಿನ ಹತ್ತಿರವೇ ಇರುತ್ತದೆ, ರೆಕ್ಕೆ ಇಳಿಬಿಡುತ್ತದೆ. ರಕ್ಷಣೆ ಕುಸಿದ ಮೈಗೆ ಬ್ಯಾಕ್ಟೀರಿಯಾಗಳು ನುಗ್ಗುತ್ತವೆ. ನಾವು ಕೊಡುವ ಆಂಟಿಬಯೋಟಿಕ್ ಅವುಗಳಿಗೆ, ವೈರಸ್ಸಿಗಲ್ಲ. ಬದುಕುಳಿದ ಹಕ್ಕಿಯ ನರಗಂಟುಗಳಲ್ಲಿ ವೈರಸ್ ಅಡಗಿ ಕೂತು, ಮುಂದೆಂದೋ ಮೈ ದಣಿದಾಗ ಮತ್ತೆ ಹೊರಬೀಳಬಹುದು. ಗುಣವಾದ ಹಕ್ಕಿಯನ್ನು ಹೊಸ ಹಿಂಡಿಗೆ ಸೇರಿಸಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮತ್ತೆ ಮೊಟ್ಟೆಯ ಮಾತಿಗೆ ಬರೋಣ. 2010ರಲ್ಲಿ ಚೀನಾದ ಬಾತು ಫಾರ್ಮುಗಳಲ್ಲಿ ಟೆಂಬುಸು ವೈರಸ್ ಹರಡಿದಾಗ ಮೊದಲು ಇಳಿದದ್ದು ಫೀಡು, ಆಮೇಲೆ ಮೊಟ್ಟೆ. ಸೊಳ್ಳೆಯಿಂದಲೂ ಹರಡುವ ಈ ವೈರಸ್‌ಗೆ ಅಂಡಾಶಯವೆಂದರೆ ಪ್ರೀತಿ. ಬೆಳೆಯುತ್ತಿರುವ ಹಳದಿ ಗೋಲಿಗಳಲ್ಲಿ ರಕ್ತ ತುಂಬಿ ಅವು ಕುಸಿಯುತ್ತವೆ. ಅದರ ಮೇಲೆ ಜ್ವರ. ಸಹಜವಾಗಿಯೇ ನಲವತ್ತೊಂದು ಡಿಗ್ರಿ ಸೆಲ್ಸಿಯಸ್ ದಾಟಿರುವ ಮೈಯನ್ನು ಇನ್ನೂ ಬಿಸಿ ಮಾಡಲು ಶಕ್ತಿ ಬೇಕು, ಹಕ್ಕಿಯೋ ತಿನ್ನುತ್ತಿಲ್ಲ. ಮೈ ಮೊದಲು ಕೈಬಿಡುವ ಖರ್ಚು ಮೊಟ್ಟೆಯದು. ಬಾತಿನ ಮಟ್ಟಿಗೆ ನನ್ನ ಥರ್ಮಾಮೀಟರು ಮೊಟ್ಟೆಯ ಪಟ್ಟಿಯೇ.

ಫೀಡಿನ ಬಗ್ಗೆ ಒಂದು ಮಾತು, ವಿಷಯಾಂತರ ಎನಿಸಿದರೂ ಸರಿ. ಬೂಸ್ಟು ಹಿಡಿದ ಕಾಳಿನಲ್ಲಿರುವ ಅಫ್ಲಾಟಾಕ್ಸಿನ್ ವಿಷಕ್ಕೆ ಬಾತುಮರಿಯಷ್ಟು ಬೇಗ ಬಲಿಯಾಗುವ ಸಾಕುಹಕ್ಕಿ ಇಲ್ಲ. ಅದು ಪಿತ್ತಜನಕಾಂಗವನ್ನು ಕೆಡಿಸುವುದರ ಜೊತೆಗೆ ರೋಗನಿರೋಧಕ ಶಕ್ತಿಯನ್ನೂ ಕುಗ್ಗಿಸುತ್ತದೆ. ಲಸಿಕೆ ಸರಿಯಿಲ್ಲ ಎಂದು ಬೈಯುವ ಮೊದಲು ಫೀಡಿನ ಚೀಲಕ್ಕೆ ಕೈ ಹಾಕಿ ಮೂಸಿ ನೋಡಿ.

ಹಿಂಡಿಗೆ ಹೋದಾಗ ನಾನು ಮಂಕಾದ ಹಕ್ಕಿಗಳ ಜೊತೆ ಚುರುಕಾಗಿರುವ ನಾಲ್ಕಾರನ್ನೂ ಹಿಡಿದು ಗಂಟಲು, ಗುದದ್ವಾರಗಳಿಂದ ಸ್ವಾಬ್ ತೆಗೆಯುತ್ತೇನೆ. "ಇದು ಚೆನ್ನಾಗಿದೆಯಲ್ಲ ಡಾಕ್ಟ್ರೇ, ಇದಕ್ಯಾಕೆ ಹಿಂಸೆ?" ಎಂದು ಮಾಲೀಕರು ಗೊಣಗುತ್ತಾರೆ. ಒದ್ದಾಡುವ ಆ ಹಕ್ಕಿಯ ರೆಕ್ಕೆಯನ್ನು ಅವರ ಕೈಗೇ ಕೊಟ್ಟು, ಗಟ್ಟಿಯಾಗಿ ಹಿಡಿದುಕೊಳ್ಳಿ ಎನ್ನುತ್ತೇನೆ.